ಸಫಾರಿ ಉದ್ಯಾನಕ್ಕೆ ಹೋಗುವ ಮುನ್ನ ಏನನ್ನು ಯೋಚಿಸಬೇಕು?

ಚಿಕ್ಕ ಮಕ್ಕಳೊಂದಿಗೆ ಮೊದಲ ಬಾರಿ ಸಫಾರಿ ಉದ್ಯಾನಕ್ಕೆ ಹೊರಟಿರುವ ನೀವು, ಯಾವ ಹೊತ್ತಿಗೆ ಹೋಗಬೇಕು, ಯಾವ ಸಿದ್ಧತೆ ಬೇಕು ಎಂದು ಕೇಳಿದ್ದೀರಿ.

ಎಲ್ಲಕ್ಕಿಂತ ಮುಖ್ಯವಾದುದು ಹೊತ್ತು. ಸಿಂಹವು ದಿನದಲ್ಲಿ 20 ಗಂಟೆಯವರೆಗೂ ಮಲಗಿಯೇ ಕಳೆಯಬಲ್ಲ ಪ್ರಾಣಿಯಾದ್ದರಿಂದ, ನಡುಮಧ್ಯಾಹ್ನ ಹೋದವರಿಗೆ ನೆರಳಿನಲ್ಲಿ ಬಿದ್ದುಕೊಂಡು ನೊಣ ಓಡಿಸಲು ಬಾಲದ ಕುಚ್ಚನ್ನಷ್ಟೇ ಆಡಿಸುವ ಕಂದು ರಾಶಿಯೊಂದರ ಹೊರತು ಹೆಚ್ಚೇನೂ ಕಾಣದು. ಬಾಗಿಲು ತೆರೆದ ಕೂಡಲೇ ಒಳಹೊಕ್ಕರೆ, ಅಥವಾ ಬಿಸಿಲು ಇಳಿದ ಮೇಲಿನ ಸುತ್ತನ್ನು ಆರಿಸಿಕೊಂಡರೆ, ಅವು ಓಡಾಡುವುದನ್ನು ನೋಡುವ ಸಾಧ್ಯತೆ ಹೆಚ್ಚು. ವಾರಾಂತ್ಯಕ್ಕಿಂತ ವಾರದ ನಡುವಿನ ದಿನ ಮೇಲು.

ಸ್ವಂತ ಕಾರನ್ನು ಒಳಗೆ ಬಿಡುತ್ತಾರೆಯೇ, ಉದ್ಯಾನದ ಬಸ್ಸನ್ನೇ ಹತ್ತಬೇಕೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವಾಗಲೇ ತಿಳಿದುಕೊಳ್ಳಿ. ಮಕ್ಕಳಿದ್ದರೆ ನಾನು ಬಸ್ಸನ್ನೇ ಸೂಚಿಸುತ್ತೇನೆ. ಎತ್ತರದ ಸೀಟಿನಿಂದ ನೋಟವೂ ಚೆನ್ನ, ಕೋತಿಗಳ ಆವರಣದಲ್ಲಿ ವೈಪರ್ ರಬ್ಬರು ಕಿತ್ತುಹೋಗುವ ಚಿಂತೆಯೂ ಇಲ್ಲ. (ಅವು ನಿಜಕ್ಕೂ ಬಾನೆಟ್ಟಿನ ಮೇಲೆ ಕುಳಿತು, ತಾಳ್ಮೆಯಿಂದ ಒಂದೊಂದೇ ಭಾಗವನ್ನು ಎಳೆದು ಪರೀಕ್ಷಿಸುತ್ತವೆ.)

ಸ್ವಂತ ಕಾರಿನಲ್ಲೇ ಹೋಗುವುದಾದರೆ ಹಿಂಸ್ರಪ್ರಾಣಿಗಳ ಆವರಣದಲ್ಲಿ ಕಿಟಕಿಯ ಗಾಜು ಪೂರ್ತಿ ಏರಿಸಿ ಬಾಗಿಲಿನ ಲಾಕ್ ಹಾಕಿರಬೇಕು. ಎಂಜಿನ್ ಕೆಟ್ಟು ನಿಂತರೂ ಕೆಳಗಿಳಿಯದೆ, ಉದ್ಯಾನದವರು ಹೇಳಿದ ರೀತಿಯಲ್ಲಿ ಸಿಬ್ಬಂದಿಯನ್ನು ಕರೆದು ಕಾಯಬೇಕು. ನಡುವೆ ಇಳಿಯಲು ಅವಕಾಶವಿಲ್ಲದ ಕಾರಣ, ಪ್ರವೇಶದ್ವಾರದ ಬಳಿಯ ಶೌಚಾಲಯಕ್ಕೆ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. 8 ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಸಾಕು. ಅದಕ್ಕಿಂತ ಹೆಚ್ಚಿನದು ಚಲಿಸುವ ವಾಹನದಲ್ಲಿ ಕೈಯಲ್ಲಿ ನಿಲ್ಲುವುದಿಲ್ಲ.