ಬೆಡ್‌ಫರ್ಡ್ ಕಾಲುವೆ ಪ್ರಯೋಗದ ಬಗ್ಗೆ

ಭೂಮಿ ಗುಂಡಗಿದ್ದರೆ 1838ರಲ್ಲಿ ಭೂಮಿ ಚಪ್ಪಟೆ ಎನ್ನುತ್ತಿದ್ದ ಸ್ಯಾಮ್ಯುಯೆಲ್ ರೋಬಾಟಮ್‌ಗೆ ಇಂಗ್ಲೆಂಡಿನ ಬೆಡ್‌ಫರ್ಡ್ ಎಂಬ ನೇರ ಕಾಲುವೆಯಲ್ಲಿ 6 ಮೈಲಿ ದೂರದ ದೋಣಿ ಹೇಗೆ ಕಂಡಿತು ಅಂತ ಕೇಳಿದ್ದೀರಿ. ಪ್ರಶ್ನೆ ಸರಿಯಾಗೇ ಇದೆ. ಲೆಕ್ಕದ ಪ್ರಕಾರ ಸುಮಾರು 5 ಮೀಟರ್ ಎತ್ತರದವರೆಗೆ ಮರೆಯಾಗಬೇಕಿತ್ತು.

ಎಡವಟ್ಟಾಗಿದ್ದು ಅವನ ಕಣ್ಣಿದ್ದ ಜಾಗದಲ್ಲಿ: ನೀರಿನಿಂದ ಬರೀ 20 ಸೆಂಟಿಮೀಟರ್ ಮೇಲೆ. ನೀರಿಗೆ ತಾಗಿದ ಗಾಳಿ ತಂಪಾಗಿ ದಟ್ಟವಾಗಿದ್ದು ಮೇಲಿನದು ಬೆಚ್ಚಗಿದ್ದರೆ ಬೆಳಕು ಕೆಳಕ್ಕೆ ಬಾಗುತ್ತದೆ. ಕೆಲವೊಮ್ಮೆ ಭೂಮಿಯ ಬಾಗಿನಷ್ಟೇ ಬಾಗುತ್ತದೆ. ಆಗ ಮರೆಯಲ್ಲಿರಬೇಕಾದದ್ದೂ ಕಾಣುತ್ತದೆ. ಸರ್ವೇಯರ್‌ಗಳಿಗೆ ಇದು ಹಳೆಯ ತಲೆನೋವು.

1870ರಲ್ಲಿ ಅದೇ ಕಾಲುವೆಯಲ್ಲಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ (ಹೌದು, ವಿಕಾಸವಾದದಲ್ಲಿ ಡಾರ್ವಿನ್ ಜೊತೆ ಹೆಸರು ಬರುವವನೇ, ಮೊದಲು ಸರ್ವೇ ಕೆಲಸ ಮಾಡಿದ್ದವ) ದೃಷ್ಟಿರೇಖೆಯನ್ನು ನೀರಿನಿಂದ ಸುಮಾರು 4 ಮೀಟರ್ ಎತ್ತರಿಸಿದ. ಎರಡೂ ತುದಿ, ಮಧ್ಯ, ಮೂರೂ ಕಡೆ ಒಂದೇ ಎತ್ತರದ ಗುರುತು. ಮಧ್ಯದ್ದು ಮೇಲೆದ್ದು ಕಂಡಿತು, ಅಂದರೆ ನೀರಿನ ಮೇಲ್ಮೈ ಬಾಗಿದೆ. ಭೂಮಿ ಚಪ್ಪಟೆ ಅಂತ 500 ಪೌಂಡ್ ಬಾಜಿ ಕಟ್ಟಿದ್ದ ಜಾನ್ ಹ್ಯಾಂಪ್ಡನ್ ಒಪ್ಪಲೇ ಇಲ್ಲ, ವರ್ಷಗಟ್ಟಲೆ ಜಗಳ, ಕೋರ್ಟು. ವ್ಯಾಲೇಸ್‌ಗೆ ಗೆದ್ದೂ ನಷ್ಟ!

ನೀವೇ ನೋಡಬೇಕೆಂದಿದ್ದರೆ ಒಂದೇ ಫೋಟೋ ನಂಬಬೇಡಿ. ಕಣ್ಣಿನ ಎತ್ತರ ಬದಲಿಸಿ, ಬೆಳಿಗ್ಗೆ ಮಧ್ಯಾಹ್ನ ಎರಡೂ ಹೊತ್ತು ತೆಗೆದು ಹೋಲಿಸಿ.