ಮನೆ ಕಾಯಲು ತಂದ ರಾಟ್‌ವೀಲರ್ ನಮ್ಮ ಮೇಲೇ ಗುರ್ ಅನ್ನುತ್ತದೆ. ಯಜಮಾನ ಆಗಲು ನೋಡುತ್ತಿದೆಯಾ?

ಇಲ್ಲ. ಸೋಫಾದಿಂದ ಇಳಿಸಲು ಹೋದರೆ, ಮೂಳೆ ಕಿತ್ತುಕೊಳ್ಳಲು ಹೋದರೆ ಎರಡು ವರ್ಷದ ನಾಯಿ ಗುರುಗುಟ್ಟುತ್ತದೆ ಅಂದಿದ್ದೀರಿ. ಪರಿಚಯದವರು "ನೆಲಕ್ಕೆ ಮಗುಚಿ ಒತ್ತಿ ಹಿಡಿ, ಯಜಮಾನ ಯಾರು ಅಂತ ಗೊತ್ತಾಗಲಿ" ಅಂದರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂತಲೂ ಬರೆದಿದ್ದೀರಿ, ಅಲ್ವಾ?

ಗುಂಪಿನಲ್ಲಿ ಕಾದಾಡಿ ಗೆದ್ದವನೇ ಯಜಮಾನ ಅನ್ನುವ ಈ 'ಆಲ್ಫಾ' ಮಾತಿನ ಮೂಲ 1947ರದ್ದು. ಪ್ರಾಣಿವಿಜ್ಞಾನಿ ರುಡಾಲ್ಫ್ ಶೆಂಕೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಿತ್ತಾಟ ನೋಡಿ ಬರೆದದ್ದು. ಆ ಮಾತನ್ನು ಊರೆಲ್ಲ ಹಬ್ಬಿಸಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ ಆಮೇಲೆ ಹೊರಗೆ ಸ್ವತಂತ್ರವಾಗಿ ಬದುಕುವ ತೋಳಗಳನ್ನು ಬೇಸಿಗೆಯಿಂದ ಬೇಸಿಗೆಗೆ ಗಮನಿಸಿದರು. ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಎಂದು 1999ರಲ್ಲಿ ಬರೆದರು. ಆದರೂ ನಾಯಿ ಪಳಗಿಸುವವರ ಬಾಯಲ್ಲಿ ಹಳೇ ಕಥೆಯೇ ಓಡುತ್ತಿದೆ.

ಹಾಗಂತ ನಾಯಿಗಳ ನಡುವೆ ಮೇಲುಗೈ ಅನ್ನೋದೇ ಇಲ್ಲ ಅಂತಲ್ಲ. ಎರಡು ನಾಯಿಗಳ ಮಧ್ಯೆ, ಒಂದು ಮೂಳೆಗೋ ಮಲಗುವ ಜಾಗಕ್ಕೋ ಯಾರು ಬಿಟ್ಟುಕೊಡುತ್ತಾರೆ ಅನ್ನೋದು ಕಾಣುತ್ತದೆ. ಆದರೆ ಅದು ಆ ಇಬ್ಬರ ನಡುವಿನ ಲೆಕ್ಕ, ಒಂದು ನಾಯಿಯ ಹುಟ್ಟುಗುಣ ಅಲ್ಲ. ನಿಮ್ಮದು ತನ್ನ ವಸ್ತು ಕೈತಪ್ಪುತ್ತದೆ ಎಂಬ ಚಿಂತೆಯಲ್ಲಿದೆ. ನೀವು ಹತ್ತಿರ ಹೋಗುವಾಗ ಸರಿಯಾಗಿ ನೋಡಿ: ಅಗಿಯುತ್ತಿದ್ದ ಬಾಯಿ ನಿಲ್ಲುತ್ತದೆ, ಮೈ ಬಿಗಿಯಾಗುತ್ತದೆ, ತಲೆ ಮೂಳೆಯ ಮೇಲೇ ಬಗ್ಗಿರುತ್ತದೆ, ಕಣ್ಣು ಮಾತ್ರ ಓರೆಯಾಗಿ ನಿಮ್ಮತ್ತ ತಿರುಗಿ ಬಿಳಿ ಭಾಗ ಕಾಣುತ್ತದೆ. ಗುರ್ ಬರುವುದು ಇಷ್ಟಾದ ಮೇಲೆ. ಅದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಭಯ ಹೋಗಲ್ಲ, ಎಚ್ಚರಿಕೆ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತಮ್ಮಲ್ಲಿಗೆ ಬಂದ ನಾಯಿಗಳ ಮಾಲೀಕರನ್ನು ಕೇಳಿ 2009ರಲ್ಲಿ ಪ್ರಕಟಿಸಿದ್ದಾರೆ. ನಾಯಿಯನ್ನು ಮಗುಚಿ ಹಾಕಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಬ್ಬರ ಮೇಲೆ ನಾಯಿ ತಿರುಗಿ ಬಿದ್ದಿತ್ತು.

ಮೊದಲು ಪಶುವೈದ್ಯರಿಗೆ ತೋರಿಸಿ. ಸೊಂಟದ ಕೀಲು ನೋವು ದೊಡ್ಡ ತಳಿಗಳಲ್ಲಿ ಜಾಸ್ತಿ, ಸೋಫಾದಿಂದ ಎಳೆದರೆ ನೋವಿಗೇ ಗುರುಗುಟ್ಟಬಹುದು. ಆಮೇಲೆ ಕಿತ್ತುಕೊಳ್ಳುವುದನ್ನು ಬಿಟ್ಟು ಬದಲಿ ಕೊಡಿ. ಎರಡು ಹೆಜ್ಜೆ ದೂರದಿಂದ ಮಾಂಸದ ತುಂಡೊಂದನ್ನು ಎಸೆದು ಸುಮ್ನೆ ಮುಂದೆ ಹೋಗಿಬಿಡಿ, ಮೂಳೆ ಮುಟ್ಟಬೇಡಿ. ನೀವು ಬಂದರೆ ಏನೋ ಸಿಗುತ್ತದೆ ಅಂತ ನಾಯಿಗೆ ಗೊತ್ತಾದ ಮೇಲೆ ಮೈ ಸಡಿಲಾಗುತ್ತದೆ. ಆಗ "ಬಿಡು" ಕಲಿಸಿ. ಸೋಫಾದಿಂದಲೂ ಹಾಗೇ: ಕೊರಳಪಟ್ಟಿ ಹಿಡಿದು ಎಳೆಯಬೇಡಿ, ಕರೆದು ಇಳಿಸಿ. ಮಕ್ಕಳು ಮಾತ್ರ ಈ ಅಭ್ಯಾಸಕ್ಕೆ ಬೇಡ. ನಾಯಿ ತಿನ್ನುವಾಗ ಮಧ್ಯೆ ಬಾಗಿಲು ಇರಲಿ.

ಇನ್ನು ಕಾವಲಿನ ವಿಷಯ. ಕಂಡಕಂಡವರಿಗೆಲ್ಲ ಎಗರುವ ನಾಯಿ ಗಟ್ಟಿಗ ಅಂತ ಜನ ತಿಳಿದಿರುತ್ತಾರೆ. ನನ್ನ ಕಣ್ಣಿಗೆ ಅಂಥ ನಾಯಿಗಳಲ್ಲಿ ಬಹಳಷ್ಟು ಪುಕ್ಕಲು. ಗೇಟಿನ ಬಳಿ ಬೊಗಳುವಾಗ ಭಾರ ಹಿಂಗಾಲಿನ ಮೇಲಿದೆಯಾ, ಬಾಲ ಮುದುರಿದೆಯಾ ನೋಡಿ. ಮನೆಮಂದಿಯ ನಡುವೆ ಇರಬೇಕಾದ ಕಾವಲು ನಾಯಿ ಬಂದವರನ್ನು ಗಮನಿಸುತ್ತದೆ, ಬೊಗಳುತ್ತದೆ, ನೀವು "ಸಾಕು" ಅಂದರೆ ತಣ್ಣಗಾಗುತ್ತದೆ. ಪಾತ್ರೆ ಬಿದ್ದರೆ ಬೆಚ್ಚಿದರೂ ಚಿಂತೆಯಿಲ್ಲ, ಎಷ್ಟು ಬೇಗ ಸುಧಾರಿಸಿಕೊಂಡು ಮೂಸಲು ಬರುತ್ತದೆ ಅನ್ನೋದು ಮುಖ್ಯ. ಈ ಸ್ವಭಾವದಲ್ಲಿ ಒಂದಷ್ಟು ಹುಟ್ಟಿನಿಂದ ಬರುತ್ತದೆ, ಒಂದಷ್ಟು ಮರಿ 3ರಿಂದ 14 ವಾರದೊಳಗೆ ಏನೇನು ನೋಡಿತು ಅನ್ನುವುದರಿಂದ. ದೊಡ್ಡ ತಳಿಗಳ ಬುದ್ಧಿ ಬಲಿಯಲು ಎರಡು ಮೂರು ವರ್ಷ ಬೇಕು, ನಿಮ್ಮದು ಈಗ ಆ ಹಂತದಲ್ಲೇ ಇದೆ.

ಹಾಗಾಗಿ ಸದ್ಯಕ್ಕೆ ಕಚ್ಚುವ ತರಬೇತಿಗೆ ಕಳಿಸಬೇಡಿ. ಕರೆದರೆ ಬರುವುದು, "ಬಿಡು" ಅಂದರೆ ಬಿಡುವುದು ಮೊದಲು ಪಕ್ಕಾ ಆಗಲಿ. ಮೊದಲ ಭೇಟಿಯಲ್ಲೇ ನಾಯಿಯನ್ನು ಮಗುಚಿ ಹಾಕುವ ತರಬೇತುದಾರ ಸಿಕ್ಕರೆ, ಕೊಟ್ಟ ದುಡ್ಡು ಹೋದರೆ ಹೋಗಲಿ, ನಾಯಿ ಕರೆದುಕೊಂಡು ವಾಪಸ್ ಬನ್ನಿ.