ಮನೆಗೆ ಕರೆದು ಮಾರುವ ಮುಂಚೆ ಲೆಕ್ಕ ಹಾಕಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯ ಹಿಡಿದು ಬಂದಿವೆ. ಮನೆಯಲ್ಲಿ ಹೆಂಗಸರನ್ನು ಸೇರಿಸಿ ಕಂಪನಿ ಸಾಮಾನು ತೋರಿಸಿ ಮಾರುವ ಕೆಲಸ. ಮೂರಕ್ಕೂ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ಬೆಳಗಾವಿಯ ಶಹಾಪುರದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಭಿಶಿಯಲ್ಲಿರುವ (ಹೆಂಗಸರ ಚೀಟಿ ಗುಂಪು) ಗೆಳತಿಯೊಬ್ಬಳು ಅಡುಗೆಮನೆ ಡಬ್ಬಿ, ಬಾಟಲಿ ಮಾರುವ ಕಂಪನಿಗೆ ಸೇರಿದ್ದಾಳೆ. ನಿನ್ನ ಮನೆಯಲ್ಲಿ ಪಾರ್ಟಿ ಇಡು, ಆಮೇಲೆ ನೀನೂ ಸೇರು ಅಂತ ಬೆನ್ನು ಹತ್ತಿದ್ದಾಳೆ. ಸೇರೋದಕ್ಕೆ 9,000 ರೂಪಾಯಿ ಕಿಟ್ ತಗೊಳ್ಳಲೇಬೇಕಂತೆ. ಸಂಕ್ರಾಂತಿ ಆದಮೇಲೆ ಅರಿಶಿನ ಕುಂಕುಮಕ್ಕೆ ಹೇಗೂ ಎಲ್ಲರೂ ಬರ್ತಾರೆ, ಅವತ್ತೇ ಇಟ್ಟುಬಿಡು ಅನ್ನುತ್ತಾಳೆ. ಅತ್ತೆಗೆ ಇಷ್ಟ ಇಲ್ಲ. ನನಗೆ ನಾಲ್ಕು ಕಾಸು ಜಾಸ್ತಿ ಬೇಕಾಗಿದೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಗೆಳತಿ ಎರಡು ಬೇರೆ ಕೆಲಸಗಳನ್ನು ಒಂದೇ ಮಾತಿನಲ್ಲಿ ಸೇರಿಸಿ ಹೇಳುತ್ತಿದ್ದಾಳೆ. ಒಂದು, ನಿಮ್ಮ ಮನೆ ಬಿಟ್ಟುಕೊಟ್ಟು ಹತ್ತು ಜನರನ್ನು ಕರೆಯುವುದು. ಇದಕ್ಕೆ ಸಾಮಾನ್ಯವಾಗಿ ಅವತ್ತಿನ ಮಾರಾಟ ನೋಡಿ ಒಂದು ಡಬ್ಬಿಯನ್ನೋ ಜಗ್ಗನ್ನೋ ಉಡುಗೊರೆ ಕೊಡುತ್ತಾರೆ, ಅಷ್ಟೇ. ಇನ್ನೊಂದು, ನೀವೇ ಕಂಪನಿಯ ಮಾರಾಟಗಾರ್ತಿ ಆಗುವುದು. ಅದು ವ್ಯಾಪಾರ. ಮೊದಲನೆಯದಕ್ಕೆ ಹ್ಞೂಂ ಅಂದರೆ ಎರಡನೆಯದಕ್ಕೂ ಹ್ಞೂಂ ಅಂದ ಹಾಗಲ್ಲ.

ಕಿಟ್ ವಿಷಯ ಮೊದಲು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೀಗೆ ಅಂಗಡಿ ಇಲ್ಲದೆ ಜನರ ಮೂಲಕ ಮಾರುವ ನೇರ ಮಾರಾಟಕ್ಕೆ ಅಂತಲೇ ನಿಯಮ ತಂದಿದೆ, ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ. ಅದರ ಪ್ರಕಾರ ಸೇರುವವರಿಂದ ಪ್ರವೇಶ ಶುಲ್ಕ ವಸೂಲಿ ಮಾಡುವಂತಿಲ್ಲ, ತೋರಿಸಲಿಕ್ಕೆ ಬೇಕಾದ ಸಾಮಾನನ್ನು ನಿಮ್ಮ ದುಡ್ಡಲ್ಲೇ ಕೊಳ್ಳಬೇಕು ಅಂತ ಕಡ್ಡಾಯ ಮಾಡುವಂತಿಲ್ಲ. ಬರಹದಲ್ಲಿ ಕರಾರು ಕೊಡಬೇಕು. ಬೇಡ ಅನಿಸಿದರೆ ದಂಡವಿಲ್ಲದೆ ಹೊರಗೆ ಬರಲಿಕ್ಕೆ ಇಷ್ಟು ದಿನ ಅಂತ ಅವಧಿ ಇರಬೇಕು. ಮಾರಾಟವಾಗದ ಸಾಮಾನು ವಾಪಸ್ ತಗೊಳ್ಳುವ ಶರತ್ತೂ ಇರಬೇಕು. ಇದನ್ನೆಲ್ಲ ಗೆಳತಿಯ ಬಾಯಿಂದ ಕೇಳಿದರೆ ಸಾಲದು. ಕರಾರನ್ನು ಮನೆಗೆ ತಂದು ಓದಿ. ಇಂಗ್ಲಿಷಲ್ಲಿದ್ದರೆ ಓದಿ ಹೇಳುವವರ ಹತ್ತಿರ ಓದಿಸಿಕೊಳ್ಳಿ. 9,000 ಕೊಡಲೇಬೇಕು ಅಂತ ಆಮೇಲೂ ಹಟ ಹಿಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ಗಳಿಕೆ. ಉದಾಹರಣೆಗೆ ಒಂದು ಪಾರ್ಟಿಯಲ್ಲಿ 8,000 ರೂಪಾಯಿ ಮಾರಾಟವಾಯಿತು, ನಿಮ್ಮ ಪಾಲು ನೂರಕ್ಕೆ 20 ಅಂತ ಇಟ್ಟುಕೊಳ್ಳಿ. 1,600 ಬಂತು. ಚಹಾ, ಗಿರ್ಮಿಟ್, ಮಿರ್ಚಿ, ಮನೆ ಬಿಟ್ಟುಕೊಟ್ಟವರಿಗೆ ಉಡುಗೊರೆ, ಆಟೋ, ಆಮೇಲೆ ಮನೆಮನೆಗೆ ಸಾಮಾನು ಮುಟ್ಟಿಸುವ ಓಡಾಟ ಎಲ್ಲ ಕಳೆದರೆ ಸಾವಿರ ಉಳಿದರೆ ಪುಣ್ಯ. ಕರೆಯಲಿಕ್ಕೆ ಒಂದು ದಿನ, ತೋರಿಸಲಿಕ್ಕೆ ಒಂದು ಮಧ್ಯಾಹ್ನ, ಮುಟ್ಟಿಸಲಿಕ್ಕೆ ಮತ್ತೊಂದು ದಿನ. ಅಷ್ಟೇ ಹೊತ್ತಿನಲ್ಲಿ ನೀವು ಎಷ್ಟು ಬ್ಲೌಸ್ ಹೊಲಿಯುತ್ತೀರಿ? ಈ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು, ಮೊದಲು ಅದನ್ನು ಹಾಕಿ.

ಆ ಸಾವಿರವನ್ನೂ ನುಂಗುವುದು ಉದ್ರಿ. ನಮ್ಮ ಕಡೆ ಹೆಂಗಸರು ಮೋಸಗಾರರಲ್ಲ, ಆದರೆ "ಗೃಹಲಕ್ಷ್ಮಿ ದುಡ್ಡು ಬಂದ ಮೇಲೆ ಕೊಡ್ತೀನಿ" ಅಂದವರಿಗೆ ಇಲ್ಲ ಅನ್ನಲಿಕ್ಕೆ ಆಗಲ್ಲ ಅಲ್ವಾ, ಇತ್ತ ಕಂಪನಿ ಮಾತ್ರ ಆರ್ಡರ್ ಹಾಕುವಾಗಲೇ ಪೂರ್ತಿ ದುಡ್ಡು ಇಸ್ಕೊಳ್ಳುತ್ತದೆ. ಇಬ್ಬರು ಐದುನೂರು ಐದುನೂರು ಉಳಿಸಿಕೊಂಡರೆ ನಿಮ್ಮ ಲಾಭ ಹೋಯಿತು. ಮೇಲೆ ಗೆಳತಿಯ ಹತ್ತಿರ ಬಾಕಿ ಕೇಳುವ ಸಂಕಟ ಬೇರೆ. ಅದಕ್ಕೇ ಆರ್ಡರ್ ಬರೆಯುವಾಗಲೇ ಫೋನ್‌ಪೇನೋ ನಗದೋ ತಗೊಂಡುಬಿಡಿ. ಈ ನಿಯಮ ಸ್ವಂತ ಅಕ್ಕನಿಗೂ ಒಂದೇ ಇರಲಿ, ಆಗ ಯಾರಿಗೂ ಬೇಜಾರಿಲ್ಲ.

ಅರಿಶಿನ ಕುಂಕುಮದ ದಿನ ಮಾತ್ರ ದಯವಿಟ್ಟು ಬೇಡ. ಇದರಲ್ಲಿ ನಾನು ನಿಮ್ಮ ಅತ್ತೆಯ ಕಡೆ. ಅವತ್ತು ಬರುವವಳು ಕುಂಕುಮ ಹಚ್ಚಿಸಿಕೊಂಡು, ವಾಣದ ಉಡುಗೊರೆ ತಗೊಂಡು, ಎಳ್ಳು ಬೆಲ್ಲ ತಿಂದು ಹೋಗಲಿಕ್ಕೆ ಬಂದಿರುತ್ತಾಳೆ. ಕೈಯಲ್ಲಿ ನಿಮ್ಮ ವಾಣ ಇರುವಾಗ ಎದುರಿಗೆ ಆರ್ಡರ್ ಫಾರಂ ಇಟ್ಟರೆ ಅವಳು ಬೇಡ ಅನ್ನುವುದು ಹೇಗೆ? ಕೊಳ್ಳುತ್ತಾಳೆ, ಮುಂದಿನ ವರ್ಷ ನಿಮ್ಮ ಮನೆಗೆ ಬರುವಾಗ ಯೋಚಿಸುತ್ತಾಳೆ. ಬೇರೆ ದಿನ ಇಡಿ. ಕರೆಯುವಾಗಲೇ "ಸಾಮಾನು ಮಾರಾಟ ಇದೆ, ನೋಡ್ಲಿಕ್ಕೆ ಬನ್ನಿ, ತಗೊಳ್ಳಲೇಬೇಕು ಅಂತಿಲ್ಲ" ಅಂತ ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿ. ಇಪ್ಪತ್ತು ಜನ ಬರುವ ಕಡೆ ಎಂಟು ಜನ ಬರಬಹುದು, ಬರಲಿ. ಆ ಎಂಟು ಜನ ಬೇಕಾಗಿ ಬಂದವರು.

ಯಾವ ಸಾಮಾನು ಅನ್ನುವುದೂ ಮುಖ್ಯ. ಈ ಪಾರ್ಟಿ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಟಪ್ಪರ್‌ವೇರ್. ಅದರ ಮುಚ್ಚಳ ಒತ್ತಿ ಗಾಳಿ ಹೊರಹಾಕುವುದು ಹೇಗೆ ಅಂತ ಅಂಗಡಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಡಬ್ಬಿಗಳು ಹಾಗೇ ಕೂತಿದ್ದವು. ಬ್ರೌನಿ ವೈಸ್ ಅನ್ನುವ ಹೆಂಗಸು ಮನೆಗಳಲ್ಲಿ ತೋರಿಸಿ ಮಾರಿದ ಮೇಲೆ 1951ರಲ್ಲಿ ಕಂಪನಿ ಅಂಗಡಿಗಳಿಂದ ಮಾಲನ್ನೇ ತೆಗೆಯಿತು. ಅಂದರೆ ತೋರಿಸಬೇಕಾದ ಸಾಮಾನಿಗೆ ಹುಟ್ಟಿದ ಪದ್ಧತಿ ಇದು. ಹಾಗಾಗಿ ನಿಮ್ಮ ಡಬ್ಬಿಯನ್ನು ನೀವೇ ಮೊದಲು ಪರೀಕ್ಷೆ ಮಾಡಿ. ಬೆಳಗಾವಿ ಮಳೆಗಾಲದಲ್ಲಿ ಕಡಕ್ ರೊಟ್ಟಿ ಒಂದು ವಾರ ಗರಿಗರಿಯಾಗಿ ಉಳಿಯುತ್ತಾ? ಶೇಂಗಾ ಚಟ್ನಿಯ ಎಣ್ಣೆ ವಾಸನೆ ತೊಳೆದರೆ ಹೋಗುತ್ತಾ? ಹೌದಾದರೆ ಅದನ್ನೇ ತೋರಿಸಿ, ಬೇರೆ ಭಾಷಣ ಬೇಕಿಲ್ಲ. ಖಡೇ ಬಜಾರಲ್ಲಿ ಅರ್ಧ ಬೆಲೆಗೆ ಸಿಗುವ ಡಬ್ಬಿಗಿಂತ ಇದರಲ್ಲಿ ಏನೂ ಜಾಸ್ತಿ ಇಲ್ಲ ಅಂತ ಅನಿಸಿದರೆ ಗೆಳತಿಯರಿಗೆ ಅದನ್ನು ಮಾರಬೇಡಿ.

ಮಾಲು ತಂದು ಮನೆಯಲ್ಲಿ ತುಂಬಿಕೊಳ್ಳಲೂಬೇಡಿ. ಅಂಥ ಟಪ್ಪರ್‌ವೇರ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಕಂಪನಿ ಎಷ್ಟೇ ದೊಡ್ಡದಿರಲಿ, ನಿಮ್ಮ ಅಟ್ಟದ ಮೇಲಿನ ಮಾಲು ನಿಮ್ಮದೇ ಹೊರೆ.

ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಅರ್ಹತೆ ಇರುವುದಿಲ್ಲ. ಕಂಪನಿಯವರು ಜಿಎಸ್‌ಟಿ ನಂಬರ್ ಮಾಡಿಸಿ ಅಂದರೆ ಸುಮ್ನೆ ಸಹಿ ಹಾಕಬೇಡಿ, ತೆರಿಗೆ ಕೆಲಸ ನೋಡುವವರನ್ನು ಕೇಳಿ. ತಿಂಗಳಿಗೆ ಸಾವಿರ ಗಳಿಸಲಿಕ್ಕೆ ಹೋಗಿ ಎರಡು ಸಾವಿರ ಕಳೆದುಕೊಳ್ಳುವ ಪರಿಸ್ಥಿತಿ ಬರಬಾರದು.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಕಂಪನಿಗೆ ಸೇರದೆ, ಬೇರೆ ದಿನ, ಒಂದೇ ಒಂದು ಪಾರ್ಟಿ ನಿಮ್ಮ ಮನೆಯಲ್ಲಿ ಇಡಿ. ಅವತ್ತು ನಿಮ್ಮ ಗೆಳತಿ ಮಾರುವ ರೀತಿ ನೋಡಿ. ಬೇಡ ಅಂದವರಿಗೆ ನಗುನಗುತ್ತಾ ಚಹಾ ಕುಡಿಸಿ ಕಳಿಸುತ್ತಾಳೋ, ಮುಖ ಸಣ್ಣದು ಮಾಡುತ್ತಾಳೋ ನೋಡಿ. ಸಾಮಾನು ಹಿಡಿಸಿತು, ಜನ ತಾವಾಗೇ ಮತ್ತೆ ಕೇಳುತ್ತಾ ಬಂದರು ಅಂದರೆ ಆಮೇಲೆ ಸೇರುವ ಮಾತು. ಆಗಲೂ ಬರೀ ನಂಟರು, ಭಿಶಿಯವರನ್ನೇ ನಂಬಬೇಡಿ, ಅವರು ಎರಡು ಸಲ ಕೊಳ್ಳುತ್ತಾರೆ, ಮೂರನೇ ಸಲ ಫೋನ್ ಎತ್ತುವುದಿಲ್ಲ. ಹೊಸ ಊರು, ಹೊಸ ಮನೆ ಹುಡುಕಬೇಕಾಗುತ್ತದೆ, ಸರ್ಕಾರಿ ಬಸ್ಸಲ್ಲಿ ಈಗ ನಮ್ಮ ಹೆಂಗಸರು ಟಿಕೆಟ್ ದುಡ್ಡು ಕೊಡಬೇಕಿಲ್ಲವಲ್ಲ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ಗೆಳತಿ ಮನೆ ಪಾರ್ಟಿಗೆ ಹೋಗಿದ್ದೆ. ಎಲ್ಲರೂ ತಗೊಂಡರು ಅಂತ ನಾನೂ 7,500 ರೂಪಾಯಿ ಪಾತ್ರೆ ಸೆಟ್ ತಗೊಂಡೆ. ಮನೆಗೆ ತಂದು ನೋಡಿದರೆ ತಳ ಸಮ ಇಲ್ಲ, ಒಲೆ ಮೇಲೆ ಅಲುಗಾಡುತ್ತದೆ. ಬಿಲ್ ಕೊಟ್ಟಿಲ್ಲ. ಗೆಳೆತನ ಕೆಡುತ್ತೆ ಅಂತ ಸುಮ್ಮನಿದ್ದೇನೆ.

ಉತ್ತರ: ಸುಮ್ಮನಿದ್ದರೆ ಗೆಳೆತನ ಒಳಗೊಳಗೇ ಕೆಡುತ್ತದೆ. ಮೊದಲು ಗೆಳತಿಗೆ ಸಾಮಾನು ತೋರಿಸಿ, ಬಿಲ್ ಕೇಳಿ. ಬಿಲ್ ನಿಮ್ಮ ಹಕ್ಕು. ವಾಪಸಾತಿ ಹೇಗೆ, ದುಡ್ಡು ಮರಳಿಸುವುದು ಹೇಗೆ ಅಂತ ಮಾರುವ ಮುಂಚೆಯೇ ಹೇಳುವುದು ಅವಳ ಕರ್ತವ್ಯ ಆಗಿತ್ತು. ಅವಳ ಕೈಯಲ್ಲಿ ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ದೂರು ಬಂದಿದೆ ಅಂತ 48 ಕೆಲಸದ ಗಂಟೆಯೊಳಗೆ ತಿಳಿಸಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ದುಡ್ಡು ಕೊಟ್ಟ ಫೋನ್‌ಪೇ ದಾಖಲೆ, ಗೆಳತಿಯ ಜೊತೆಗಿನ ವಾಟ್ಸ್ಆ್ಯಪ್ ಮಾತು ಯಾವುದನ್ನೂ ಅಳಿಸಬೇಡಿ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಮನೆ ಪಾರ್ಟಿಗಳಲ್ಲಿ ಶಕ್ತಿ ಪುಡಿ ಮಾರುತ್ತಾಳೆ. ಪುಡಿ ಮಾರಿದ್ದಕ್ಕಿಂತ ಜನ ಸೇರಿಸಿದ್ದಕ್ಕೇ ದುಡ್ಡು ಜಾಸ್ತಿ ಅಂತೆ. ಪುಡಿ ತಗೊಂಡರೆ ಶುಗರ್ ಹೋಗುತ್ತೆ ಅಂತಲೂ ಹೇಳಿಕೊಟ್ಟಿದ್ದಾರೆ. ನಮ್ಮ ಸೋದರತ್ತೆ ಮಾತ್ರೆ ಬಿಟ್ಟು ಅದನ್ನೇ ತಗೊಳ್ಳುತ್ತಿದ್ದಾರೆ.

ಉತ್ತರ: ಜನ ಸೇರಿಸಿದ್ದಕ್ಕೆ ದುಡ್ಡು ಕೊಡುವುದು ಪಿರಮಿಡ್ ಸ್ಕೀಮ್. 2021ರ ನಿಯಮ ಅದನ್ನು ನಿಷೇಧಿಸಿದೆ. ಜನ ಸೇರಿಸಿ ಬೇಗ ದುಡ್ಡು ಮಾಡುವ ಹಣ ಚಲಾವಣೆ ಸ್ಕೀಮ್‌ಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇದೆ, ಅದರಲ್ಲಿ ನಡೆಸುವವರಷ್ಟೇ ಅಲ್ಲ, ಜನ ಸೇರಿಸುವವರೂ ಸಿಕ್ಕಿಬೀಳುತ್ತಾರೆ. ನಿಮ್ಮ ಹೆಂಡತಿಯನ್ನು ಬೈಯಬೇಡಿ, ಅವರಿಗೂ ಇದು ಕೆಲಸ ಅಂತಲೇ ಹೇಳಿಕೊಟ್ಟಿದ್ದಾರೆ. ಕೂತು ಎರಡು ತಿಂಗಳ ಲೆಕ್ಕ ಬರೆಸಿ: ಹೊರಗಿನವರು ಪುಡಿ ಕೊಂಡಿದ್ದರಿಂದ ಎಷ್ಟು ಬಂತು, ಸೇರಿಸಿದ್ದರಿಂದ ಎಷ್ಟು, ತಾವೇ ಕೊಂಡ ಪುಡಿಗೆ ಎಷ್ಟು ಹೋಯಿತು. ಅದು ಬರೆದ ಮೇಲೆ ಅವರಿಗೇ ಕಾಣುತ್ತದೆ.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಲ್ಲಿ ಅಪರಾಧ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೂ ಅದು ಆಹಾರ ಅಂತ ಲೈಸೆನ್ಸ್ ಕೊಟ್ಟಿದ್ದು, ಔಷಧ ಅಂತ ಅಲ್ಲ. ಆದರೆ ಕಾಯ್ದೆ ಆಮೇಲೆ ನೋಡೋಣ. ನಿಮ್ಮ ಸೋದರತ್ತೆಗೆ ಇವತ್ತೇ ಫೋನ್ ಮಾಡಿ, ನಾಳೆ ಬೆಳಿಗ್ಗೆ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಶುಗರ್ ಪರೀಕ್ಷೆ ಮಾಡಿಸಿ. ಪುಡಿ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಿ.